ಸರ್ವರ್ ರೂಮಿನ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳಿಗೆ ಉಗುರು ಅರ್ಧವೇ ಇತ್ತು. ಹಿಂದೆಂದೋ ಒಂದು ಸರ್ವರನ್ನು ಕಬ್ಬಿಣದ ರ‍್ಯಾಕಿಗೆ ಕೂರಿಸುವಾಗ ಆ ಬದಿ ಹಿಡಿದಿದ್ದವನು ಕೈ ಸಡಿಲ ಬಿಟ್ಟಿದ್ದ. ಅಷ್ಟೂ ಭಾರ ಅವರ ಬೆರಳ ಮೇಲೆ ಬಿತ್ತು. ಹೋದ ಉಗುರು ಮತ್ತೆ ಪೂರ್ತಿ ಬೆಳೆಯಲಿಲ್ಲ. ಕೀಬೋರ್ಡಿನ ಮೇಲೆ ಆ ಹೆಬ್ಬೆರಳು ಬಿದ್ದಾಗ ಉಳಿದ ಬೆರಳುಗಳಿಗಿಂತ ಮೆತ್ತಗಿನ ಸದ್ದು ಬರುತ್ತಿತ್ತು. ನಾನು ಬೆನ್ನು ಮಾಡಿ ಕೂತಿದ್ದರೂ ಟೈಪು ಮಾಡುತ್ತಿರುವುದು ಅವರೇ ಎಂದು ತಿಳಿಯುತ್ತಿತ್ತು.

ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ ನಮ್ಮದು. ಅಕ್ಕ ತಿರುಮಕೂಡಲಿನವರು. ಅಲ್ಲಿಯೇ ಬಸ್‌ಸ್ಟ್ಯಾಂಡಿನ ಮಗ್ಗುಲಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟೈಪು ಕಲಿತು, ತೊಂಬತ್ತರ ದಶಕದಲ್ಲಿ ಅಕೌಂಟ್ಸ್ ವಿಭಾಗಕ್ಕೆ ಟೈಪಿಸ್ಟಾಗಿ ಸೇರಿದ್ದರು. ಕಾರ್ಖಾನೆಗೆ ಮೊದಲ ಸರ್ವರ್ ಬಂದಾಗ ಅದನ್ನು ಮುಟ್ಟಲು ಎಲ್ಲರೂ ಹಿಂದೆಗೆದರಂತೆ. ಇವರು ಅದರ ಜೊತೆ ಬಂದಿದ್ದ ದಪ್ಪ ಇಂಗ್ಲಿಷ್ ಪುಸ್ತಕವನ್ನು ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಓದಿದರು. ಮೈಸೂರಿನ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿ ಎರಡು ಸಾವಿರದ ಇಸವಿಯ ನಂತರ ನಾನು ಅಲ್ಲಿಗೆ ಸೇರುವ ಹೊತ್ತಿಗೆ ಸರ್ವರ್ ರೂಮು ಪೂರ್ತಿ ಅವರ ಸುಪರ್ದಿಯಲ್ಲಿತ್ತು.

ನನ್ನ ಊರು ದೇವನೂರು. ಆ ಹೆಸರು ಹೇಳಿದೊಡನೆ "ದೇವನೂರಲ್ಲಿ ಎಲ್ಲಿ?" ಎಂದು ಕೇಳುವವರು ಆಫೀಸಿನಲ್ಲಿದ್ದರು. ಆ ಪ್ರಶ್ನೆ ನಿಜಕ್ಕೂ ಏನನ್ನು ಕೇಳುತ್ತಿದೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಉತ್ತರ ಕೊಟ್ಟ ಮೇಲೆ ಕೆಲವರ ಊಟದ ಡಬ್ಬಿ ಮೆಲ್ಲಗೆ ಮೇಜಿನ ಆ ತುದಿಗೆ ಸರಿಯುತ್ತಿತ್ತು. ಅಕ್ಕನ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ನೋಡಿ ಇವರೂ ಕೇಳುತ್ತಾರೆಂದೇ ಕಾದೆ. ಅವರು ಕೇಳಲಿಲ್ಲ. ಮಧ್ಯಾಹ್ನ ನನ್ನ ಡಬ್ಬಿ ತಮ್ಮತ್ತ ಎಳೆದುಕೊಂಡು, ಹುರುಳಿಕಾಳಿನ ಬಸ್ಸಾರಿಗೆ ಬೆರಳದ್ದಿ ಬಾಯಿಗಿಟ್ಟುಕೊಂಡರು.

"ಇದ ಯಾರು ಮಾಡಿದ್ದು, ನಿಮ್ಮವ್ವನಾ?"

"ಹೂಂ ಮೇಡಂ."

"ನಾಳೆ ಒಸಿ ಜಾಸ್ತಿ ಆಕ್ಸ್ಕೊಂಡು ಬಾ. ಇನ್ನೊಂದು ವಿಷ್ಯ. ಮೇಡಂ ಅಂದ್ರೆ ಇನ್ಯಾರ್ನೋ ಕರ್ದಂಗಾಯ್ತದೆ. ಅಕ್ಕ ಅನ್ನು."

ಅಂದಿನಿಂದ ಅವ್ವ ಎರಡು ಡಬ್ಬಿ ಕಟ್ಟತೊಡಗಿದಳು.

ಕೆಲಸದಲ್ಲಿ ಅಕ್ಕನಿಗೆ ಆತುರವೆಂಬುದೇ ಇರಲಿಲ್ಲ. ಮೇಲ್ ನಿಂತಿದೆ, ಸ್ಟೋರ್ಸಿನ ಬಿಲ್ಲು ಹೊರಡುತ್ತಿಲ್ಲ, ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿವೆ ಎಂದು ಎಲ್ಲ ಕಡೆಯಿಂದ ಫೋನು ಹೊಡೆದುಕೊಳ್ಳುವಾಗ ನಾನು ಮೌಸಿಗೆ ಕೈ ಹಾಕುತ್ತಿದ್ದೆ. ಸಿಕ್ಕಿದ್ದನ್ನೆಲ್ಲ ಬದಲಾಯಿಸಲು ಹೊರಡುತ್ತಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದು ಮೌಸಿನ ಮೇಲಿಂದ ಎತ್ತಿ ಪಕ್ಕಕ್ಕಿಡುತ್ತಿದ್ದರು. "ಮೊದ್ಲು ನೋಡು. ಅದೇ ಏನೋ ಏಳ್ತಾ ಅದೆ, ಓದು. ಆಮೇಕೆ ಒಂದೇ ಒಂದು ಬದ್ಲಾಯ್ಸು. ಎಲ್ಲಾ ಒಟ್ಗೆ ಬದ್ಲಾಯ್ಸುದ್ರೆ ಸರಿಯಾದ್ರೂ ಯಾತ್ಕೆ ಸರಿಯಾಯ್ತು ಅಂತ ಗೊತ್ತಾಗಕಿಲ್ಲ ಕಣೆ." ಸಾಫ್ಟ್‌ವೇರ್ ಕಂಪನಿಯವರ ಜೊತೆ ಫೋನಿನಲ್ಲಿ ನೆಟ್ಟಗೆ ಇಂಗ್ಲಿಷ್ ಮಾತಾಡುವ ಅಕ್ಕ, ಫೋನು ಇಟ್ಟ ಕೂಡಲೇ ತಮ್ಮೂರಿನ ಮಾತಿಗೆ ಇಳಿಯುತ್ತಿದ್ದರು.

ಯಾವುದಾದರೂ ಸರ್ವರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕಿದ್ದರೆ ಅವರು ಫೋನು ಮಾಡುತ್ತಿರಲಿಲ್ಲ. ಸರ್ವರ್ ರೂಮಿನ ಏಸಿ ಚಳಿಗೆ ಸೀರೆಯ ಮೇಲೆ ಹಾಕಿಕೊಂಡಿದ್ದ ಸ್ವೆಟರನ್ನು ಬಿಚ್ಚಿಟ್ಟು, ಬಿಸಿಲಲ್ಲಿ ಸ್ಟೋರ್ಸಿಗೆ, ಲಾರಿ ತೂಗುವ ವೇಬ್ರಿಡ್ಜಿಗೆ, ಪ್ಯಾಕಿಂಗಿಗೆ ನಡೆದೇ ಹೋಗಿ "ಒಸಿ ಹೊತ್ತು ನಿಲ್ಲಿಸ್ತೀನಿ, ಮಾಡ್ತಿರೋದ ಸೇವ್ ಮಾಡ್ಕಳಿ" ಎಂದು ಹೇಳಿ, ಅವರು ಮಾಡುವ ತನಕ ಅಲ್ಲೇ ನಿಂತು ಬರುತ್ತಿದ್ದರು. ಫೋನಿನಲ್ಲಾದರೆ ಹೂಂ ಎನ್ನುತ್ತಾರೆ, ಮಾಡುವುದಿಲ್ಲ ಎನ್ನುವುದು ಅವರ ಅನುಭವ. ಹೀಗೆ ಓಡಾಡಿಯೇ ಕಾರ್ಖಾನೆಯಲ್ಲಿ ಯಾರ ಮಗಳಿಗೆ ಹೆರಿಗೆಯಾಯಿತು, ಯಾರ ಮನೆಯ ಹಸು ದಿನ ತುಂಬದೆ ಕಂದು ಹಾಕಿತು ಎಂಬುದೆಲ್ಲ ಅವರಿಗೆ ತಿಳಿದಿರುತ್ತಿತ್ತು.

ಆ ದಶಕದ ಕೊನೆಗೆ ನಮ್ಮಲ್ಲಿಗೆ ವರ್ಚುವಲೈಸೇಶನ್ ಬಂತು. ಅಲ್ಲಿಯವರೆಗೆ ಮೇಲಿಗೊಂದು, ಸ್ಟೋರ್ಸಿಗೊಂದು, ಹಾಜರಿಗೊಂದು ಎಂದು ಬೇರೆ ಬೇರೆ ಯಂತ್ರಗಳಿದ್ದವು. ಈಗ ಎರಡು ದೊಡ್ಡ ಯಂತ್ರಗಳನ್ನು ತರಿಸಿ, ಹಳೆಯ ಸರ್ವರುಗಳನ್ನೆಲ್ಲ ಅವುಗಳ ಒಳಗೆ ಕೂರಿಸುವುದು ಎಂದಾಯಿತು. ಹಳೆಯ ಯಂತ್ರದ ಕಬ್ಬಿಣ ಗುಜರಿಗೆ ಹೋದರೂ ಅದರ ಜೀವ ಹೊಸದರೊಳಗೆ ಉಳಿಯುತ್ತಿತ್ತು. ಅಕ್ಕ ಒಂದೊಂದಾಗಿ ಎಲ್ಲವನ್ನೂ ಸಾಗಿಸಿದರು. ಒಂದು ಮೇಲೂ ಕಳೆಯಲಿಲ್ಲ, ಒಂದು ಬಿಲ್ಲೂ ತಪ್ಪಲಿಲ್ಲ. ಮ್ಯಾನೇಜರು ಎಲ್ಲರಿಗೂ ಮೈಸೂರುಪಾಕು ಹಂಚಿಸಿದರು. ಅಕ್ಕನಿಗೆ ವಿಭಾಗದ ಮುಖ್ಯಸ್ಥೆಯಾಗಿ ಬಡ್ತಿ ಖಚಿತವೆಂದು ಎಲ್ಲರೂ ಮಾತಾಡಿಕೊಂಡರು.

ಆಮೇಲೆ ಕೆಲವು ವಾರಕ್ಕೆ ಕ್ಯಾಂಟೀನಿನಲ್ಲಿ ಒಬ್ಬ ಹೆಂಗಸು ಅಳುತ್ತಿರುವುದನ್ನು ಕಂಡೆವು. ಪ್ಯಾಕಿಂಗಿನಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುವವಳು, ತಗಡೂರಿನವಳು. ದಿನಾ ತಡವಾಗಿ ಬರುತ್ತೀ ಎಂದು ಅವಳಿಗೆ ಮೆಮೊ ಮೇಲೆ ಮೆಮೊ ಕೊಟ್ಟು, ಇನ್ನೊಮ್ಮೆ ಹೀಗಾದರೆ ಬರಲೇಬೇಡ ಎಂದಿದ್ದರಂತೆ.

"ಅದೇ ಬಸ್ಸು, ಅದೇ ಓಟ ಕಣವ್ವ," ಎಂದಳು ಅವಳು ಅಕ್ಕನಿಗೆ. "ಗೇಟ್ಗೆ ಬರೋವತ್ಗೆ ವಾಚ್‌ಮನ್ನಿನ ರೇಡಿಯೋದಲ್ಲಿ ಇನ್ನೂ ವಾರ್ತೆ ಸುರುವಾಗಿರಕಿಲ್ಲ. ಕಾರ್ಡ್ ತೋರ್ಸುದ್ರೆ ಆ ಮಿಷನ್ನು ಲೇಟು ಅಂತದೆ. ಸಾಹೇಬ್ರು ಮಿಷನ್ನು ಸುಳ್ಳೇಳದಾ ಅಂತಾರೆ. ನಾನ್ ಸುಳ್ಳೇಳ್ತೀನಾ?"

ಪಕ್ಕದಲ್ಲಿದ್ದವರು ನಕ್ಕರು. ಅಕ್ಕ ನಗಲಿಲ್ಲ. ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಸರ್ವರ್ ರೂಮಿಗೆ ಹೋಗಿ ಹಾಜರಿಯ ಯಂತ್ರದ ಗಡಿಯಾರ ನೋಡಿದೆವು. ನನ್ನ ಮೇಜಿನ ಕಂಪ್ಯೂಟರಿನಲ್ಲೂ ಅದೇ ಸಮಯ. ಅಕೌಂಟ್ಸಿನಲ್ಲೂ ಅದೇ, ಸ್ಟೋರ್ಸಿನಲ್ಲೂ ಅದೇ. "ಎಲ್ಲಾ ಸರಿಯಾಗಿದೆ ಅಕ್ಕ" ಎಂದೆ. ಅಕ್ಕ ತಮ್ಮ ಕೈಗಡಿಯಾರ ನೋಡಿಕೊಂಡರು. ಅದು ಹಿಂದೆ ಬಿದ್ದಿತ್ತು. ಕೆಲವು ದಿನದಿಂದ ತಮ್ಮ ವಾಚೇ ಕೆಟ್ಟಿದೆ ಎಂದುಕೊಂಡಿದ್ದರಂತೆ.

ಮಾರನೆಯ ಬೆಳಿಗ್ಗೆ ಅಕ್ಕ ಮೊದಲ ಬಸ್ಸಿಗೇ ಬಂದು ವಾಚ್‌ಮನ್ನಿನ ಗೂಡಿನ ಮುಂದೆ ನಿಂತರು, ನಾನೂ ನಿಂತೆ. ರೇಡಿಯೋದಲ್ಲಿ ವಾರ್ತೆಗೆ ಮುಂಚಿನ ಪೀಪೀ ಸದ್ದು ಬಂತು. ಅಕ್ಕ ಕಾರ್ಡು ತೋರಿಸುವ ಯಂತ್ರದತ್ತ ನೋಡಿದರು. ಅದರ ಪ್ರಕಾರ ವಾರ್ತೆ ಶುರುವಾಗಿ ಆಗಲೇ ಅರ್ಧ ಮುಗಿದಿರಬೇಕಿತ್ತು.

ಆಗಿದ್ದದ್ದು ಇಷ್ಟು. ಕಾರ್ಖಾನೆಯ ಕಂಪ್ಯೂಟರುಗಳೆಲ್ಲ ಸಮಯವನ್ನು ಒಂದೇ ಒಂದು ಸರ್ವರಿನಿಂದ ಕೇಳಿ ಪಡೆಯುತ್ತಿದ್ದವು. ಆ ಸರ್ವರನ್ನೂ ನಾವು ದೊಡ್ಡ ಯಂತ್ರದೊಳಗೆ ಕೂರಿಸಿದ್ದೆವು. ಒಳಗೆ ಕೂತ ಮೇಲೆ ಅದಕ್ಕೆ ಸ್ವಂತ ಗಡಿಯಾರವಿಲ್ಲ. ಹೊರಗಿನ ಯಂತ್ರ ಕೊಡುವ ಟಿಕ್ಕು ಟಿಕ್ಕನ್ನೇ ಲೆಕ್ಕ ಹಿಡಿಯಬೇಕು. ಕೆಲಸ ಹೆಚ್ಚಾದಾಗ ಆ ಲೆಕ್ಕ ತಪ್ಪಿ, ದಿನದಿನಕ್ಕೂ ಚೂರು ಚೂರೇ ಮುಂದೆ ಓಡುತ್ತಿತ್ತು. ಉಳಿದವೆಲ್ಲ ಅದನ್ನೇ ನಂಬಿದ್ದರಿಂದ ಕಾರ್ಖಾನೆಯ ಒಳಗೆ ಯಾರಿಗೂ ಗೊತ್ತಾಗಲಿಲ್ಲ. ಹೊರಗಿನಿಂದ ಬಸ್ಸಿಳಿದು ಬರುವವರಿಗೆ ಮಾತ್ರ ಗೊತ್ತಾಯಿತು, ಅವರ ಮಾತನ್ನು ಯಾರೂ ಕೇಳಲಿಲ್ಲ.

ಸರಿಪಡಿಸಿದ್ದು ದೊಡ್ಡ ಕೆಲಸವೇನಲ್ಲ. ಆ ಸರ್ವರು ಇಂಟರ್ನೆಟ್ಟಿನಲ್ಲಿ ಸಿಗುವ ನಿಖರ ಸಮಯವನ್ನು ಆಗಾಗ ನೋಡಿಕೊಂಡು ತಿದ್ದಿಕೊಳ್ಳುವಂತೆ ಅಕ್ಕ ಸಂಜೆಯೊಳಗೆ ಕಟ್ಟಿದರು. ಕಷ್ಟವಾದದ್ದು ಆಮೇಲಿನದು. "ಆಯ್ತಲ್ಲ, ರಿಪೇರಿಯಾಯ್ತಲ್ಲ. ಇದನ್ನ ದೊಡ್ದು ಮಾಡೋದು ಬೇಡ," ಎಂದರು ಮ್ಯಾನೇಜರು. "ಆ ಹೆಂಗಸಿನ ಮೆಮೊ ಮಾತ್ರ ನಾನೇ ಹೇಳಿ ತೆಗೆಸ್ತೀನಿ. ನಿಮ್ಮ ಪ್ರಮೋಷನ್ ಫೈಲು ಮೇಲೆ ಹೋಗ್ತಾ ಇದೆ, ಗೊತ್ತಲ್ಲ?"

ಅಕ್ಕ ನಿಂತೇ ಇದ್ದರು. "ಆವಮ್ಮ ಒಬ್ಳೇ ಅಲ್ಲ ಸಾರ್. ಲೇಟು ಅಂತ ಬಿದ್ದೋರೆಲ್ಲರ್ದೂ ತೆಗೀಬೇಕು. ಯಾಕೆ ತೆಗೀತೀವಿ ಅಂತ ಅವ್ರಿಗೆ ಗೊತ್ತಾಗ್ಬೇಕು. ಸೆಟ್ ಮಾಡ್ದೋಳು ನಾನು, ತಪ್ಪು ನಂದು ಅಂತ ಬರ್ದು ಕೊಡ್ತೀನಿ."

ಬರೆದು ಕೊಟ್ಟರು. ಅದಕ್ಕೂ ತೃಪ್ತಿಯಾಗದೆ ಪಾಳಿ ಬದಲಾಗುವ ಹೊತ್ತಿಗೆ ಗೇಟಿಗೆ ಹೋಗಿ, ಒಳಗೆ ಬರುವವರೂ ಹೊರಗೆ ಹೋಗುವವರೂ ಕೂಡಿದ್ದ ಜಾಗದಲ್ಲಿ ನಿಂತು ಕೈ ಮುಗಿದು ಹೇಳಿದರು: "ಲೇಟಾಗಿದ್ದು ನೀವಲ್ಲ ಕಣ್ರಪ್ಪಾ, ನಮ್ಮ ಮಿಷನ್ನು." ತಗಡೂರಿನವಳು ಮುಂದೆ ಬಂದು ಆ ಕೈಗಳನ್ನು ಬಿಡಿಸಿ ಕೆಳಗಿಳಿಸಿದಳು. "ನೀವ್ಯಾಕವ್ವ ಕೈ ಮುಗೀತೀರಿ" ಎಂದು ಮತ್ತೆ ಅತ್ತಳು.

ಬಡ್ತಿ ಬರಲಿಲ್ಲ. ಹೊರಗಿನಿಂದ ಒಬ್ಬರನ್ನು ತಂದು ಮುಖ್ಯಸ್ಥರನ್ನಾಗಿ ಮಾಡಿದರು. ನಾನು ಅಕ್ಕನೆದುರು ಮ್ಯಾನೇಜರನ್ನು ಬೈದೆ. ಅಕ್ಕ ಮಾತ್ರ "ಆ ಕ್ಯಾಬಿನ್ನಲ್ಲಿ ಕೂತ್ರೆ ಬರೀ ಮೀಟಿಂಗು ಕಣೆ. ಇಲ್ಲಾದ್ರೆ ಬಸ್ಸಾರು ಸಿಕ್ತದೆ" ಎಂದು ನಕ್ಕರು. ಆದರೆ ಆ ವಾರ ಪೂರ್ತಿ ಅವರು ಎಂದಿಗಿಂತ ಕಡಿಮೆ ಮಾತಾಡಿದರು. ನನಗೆ ಅದು ಕಂಡಿತ್ತು.

ಮುಂದಿನ ಬೇಸಿಗೆಯಲ್ಲಿ ಅಕ್ಕನಿಗೆ ಊಟ ಸೇರದಾಯಿತು. ಮೈಸೂರಿನಲ್ಲಿ ತೋರಿಸಿದಾಗ ಹೊಟ್ಟೆಯಲ್ಲಿ ಗಡ್ಡೆ ಎಂದರು. ಆಪರೇಷನ್ ಆಯಿತು; ಮತ್ತೆ ಬೆಳೆಯಿತು. ರಜದ ಮೇಲೆ ರಜ. ಕೊನೆಗೊಂದು ದಿನ ಅಕ್ಕನೇ ಫೋನು ಮಾಡಿ "ಲ್ಯಾಪ್‌ಟಾಪ್ ತಗೊಂಡು ಮನೇಗೆ ಬಾ" ಎಂದರು.

ತಿರುಮಕೂಡಲಿನ ಅವರ ಮನೆಗೆ ನಾನು ಹಿಂದೆಯೂ ಹೋಗಿದ್ದೆ. ಅವರ ಗಂಡ ದರ್ಜಿ, ಬೀದಿ ಕಡೆಯ ಕೋಣೆಯೇ ಅಂಗಡಿ. ಮಕ್ಕಳಿರಲಿಲ್ಲ. ನಾನು ಭಾವ ಎನ್ನುತ್ತಿದ್ದೆ. ಅವರು ತಲೆಯಾಡಿಸಿ ಮಿಷನ್ ತುಳಿಯುತ್ತಿದ್ದರೇ ಹೊರತು ಮಾತು ಕಡಿಮೆ. ಅಂದು ಅಕ್ಕ ದಿಂಬಿಗೊರಗಿ ಕೂತಿದ್ದರು. ತೋಳು ಕಡ್ಡಿಯಾಗಿತ್ತು. ಲ್ಯಾಪ್‌ಟಾಪಿನಿಂದ ಕಾರ್ಖಾನೆಯ ಸರ್ವರುಗಳಿಗೆ ಸೇರಿಕೊಳ್ಳಲು ಹೇಳಿದರು.

"ಈಗ ಒಂದೊಂದ್ರದ್ದೂ ಪಾಸ್‌ವರ್ಡ್ ಬದ್ಲಾಯ್ಸು. ಎಲ್ಲಾದ್ರದ್ದೂ. ನಂಗೆ ಗೊತ್ತಿರೋದು ಒಂದೂ ಉಳೀಬಾರ್ದು."

"ಯಾಕಕ್ಕ? ನೀವು ಬಂದ ಮೇಲೆ…"

"ಬರಾಕಿಲ್ಲ ಕಣೆ," ಎಂದರು, ಬಸ್ಸು ತಪ್ಪಿತು ಎನ್ನುವಷ್ಟು ಸಲೀಸಾಗಿ. "ಬಿಟ್ಟೋಗೋರು ಬೀಗದಕೈ ಜೊತೇಲಿಟ್ಕೊಂಡು ಓಗಬಾರ್ದು. ಮಾಡು."

ನಾನು ಮಾಡಿದೆ. ಪ್ರತಿಯೊಂದಕ್ಕೂ ಹಳೆಯದನ್ನು ಅಕ್ಕ ಬಾಯಲ್ಲೇ ಹೇಳುತ್ತಿದ್ದರು. ಹೊಸದನ್ನು ನಾನು ಒತ್ತುವಾಗ ಮಾತ್ರ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಆಫೀಸಿನಲ್ಲಿ ಯಾರಾದರೂ ಪಾಸ್‌ವರ್ಡ್ ಹೊಡೆಯುವಾಗ ಅವರು ಯಾವತ್ತೂ ಹಾಗೆಯೇ ಮಾಡುತ್ತಿದ್ದವರು. ಆದರೆ ಅವರೇ ಕಟ್ಟಿದ ಒಂದೊಂದು ಮನೆಯ ಬಾಗಿಲನ್ನೂ ನಾನು ಅವರೆದುರೇ ಹಾಕಿಕೊಳ್ಳುತ್ತಿದ್ದೇನೆ ಅನಿಸಿ ನನಗೆ ಅಕ್ಷರಗಳು ಕಾಣದಾದವು. ಎರಡು ಸಲ ತಪ್ಪು ಒತ್ತಿದೆ.

"ನಿಧಾನ," ಎಂದರು ಅಕ್ಕ, ಕಿಟಕಿಯತ್ತಲೇ ನೋಡುತ್ತಾ. "ಯಾರೂ ಕಾಯ್ತಾ ಇಲ್ಲ."

ಅದಾಗಿ ಅಕ್ಕ ಬಹಳ ದಿನ ಉಳಿಯಲಿಲ್ಲ. ಸುದ್ದಿ ಬಂದ ಬೆಳಿಗ್ಗೆ ಕಾರ್ಖಾನೆಯಿಂದ ಒಂದು ಬಸ್ಸು ತುಂಬಾ ಜನ ಹೋದೆವು. ಪ್ಯಾಕಿಂಗಿನವರು, ವೇಬ್ರಿಡ್ಜಿನವರು, ವಾಚ್‌ಮನ್ನು. ಬೀದಿಯವರು ನಮ್ಮನ್ನು ನೋಡಿ, ಈ ಟೈಪಿಸ್ಟಮ್ಮನಿಗೆ ಇಷ್ಟು ಜನವಾ ಎಂದು ಮಾತಾಡಿಕೊಂಡರು.

ತಿಥಿ ಎಲ್ಲ ಮುಗಿದ ಮೇಲೆ ಒಂದು ಭಾನುವಾರ ನಾನೊಬ್ಬಳೇ ಹೋದೆ. ಹೋಗಲೇಬೇಕಾದ ಕೆಲಸವಿರಲಿಲ್ಲ. ಆಫೀಸಿನಲ್ಲಿ ಅವರ ಕುರ್ಚಿಗೆ ಬೆನ್ನು ಮಾಡಿ ಕೂತು ಕೂತು, ಅವರ ವಿಷಯ ಮಾತಾಡಬಲ್ಲ ಇನ್ನೊಬ್ಬರ ಮುಖ ನೋಡಬೇಕೆನಿಸಿತ್ತು. ಭಾವ ಹೊಲಿಯುತ್ತಿರಲಿಲ್ಲ. ಸುಮ್ಮನೆ ಮಿಷನ್ನಿನ ಮುಂದೆ ಕೂತಿದ್ದರು. ನನಗೆ ಸ್ಟೂಲು ಎಳೆದು ಕೊಟ್ಟರು. ಆಮೇಲೆ ಕೇಳಿದರು:

"ಅಲ್ಲಿ ಅವ್ಳು ಏನ್ ಕೆಲ್ಸ ಮಾಡ್ತಿದ್ಳವ್ವ?"

ನನಗೆ ಅರ್ಥವಾಗಲಿಲ್ಲ.

"ದಿನಾ ಸಂಜೇಗೆ ಬಸ್‌ಸ್ಟ್ಯಾಂಡ್ಗೆ ಓಗಿ ಕರ್ಕೊಂಡ್ ಬತ್ತಿದ್ದೆ. ಇವತ್ತು ಏನಾಯ್ತು ಅಂದ್ರೆ, ಏನಿಲ್ಲ, ಮಿಷನ್ ಜೊತೆ ಕೂತಿದ್ದೆ ಅನ್ನೋಳು. ನಾನೂ ಮಿಷನ್ ಜೊತೆ ಕೂರೋನೇ. ಹಂಗಾಗಿ ಜಾಸ್ತಿ ಕೇಳ್ನಿಲ್ಲ. ಅವತ್ತು ಅಷ್ಟು ಜನ ಬಂದು ಅತ್ರಲ್ಲ. ಆವಾಗಿಂದ ಯೋಚ್ನೆ ಆಯ್ತಾ ಅದೆ. ಏನ್ ಮಾಡ್ತಿದ್ಳು?"

ನಾನು ಹೇಳಿದೆ. ದೊಡ್ಡದೊಂದು ಯಂತ್ರ, ಅದರೊಳಗೆ ಹಲವು ಯಂತ್ರ. ಒಂದು ಕಾಗದಪತ್ರ ನೋಡಿಕೊಳ್ಳುತ್ತದೆ, ಒಂದು ಸರಕು, ಒಂದು ಜನ ಬಂದು ಹೋಗುವುದನ್ನು. ಪ್ರತಿಯೊಂದೂ ತಾನೊಂದೇ ಇದ್ದೇನೆ ಎಂದುಕೊಂಡಿರುತ್ತದೆ. ಒಂದಕ್ಕೆ ಕಾಯಿಲೆಯಾದರೆ ಇನ್ನೊಂದಕ್ಕೆ ತಾಗದ ಹಾಗೆ ನಡುವೆ ಗೋಡೆ ಎಬ್ಬಿಸಬೇಕು. ಹೊರಗಿನ ಯಂತ್ರವೇ ಕೆಡುವ ಹಾಗಿದ್ದರೆ ಒಳಗಿನವನ್ನು ಪಕ್ಕದ ಯಂತ್ರಕ್ಕೆ, ಕೆಲಸ ನಿಲ್ಲದ ಹಾಗೆ, ದಾಟಿಸಬೇಕು. ಅಷ್ಟನ್ನೂ ಅಕ್ಕ ಮಾಡುತ್ತಿದ್ದರು, ಸಾವಿರಾರು ಜನರ ಕೆಲಸ ಅದರ ಮೇಲೆ ನಿಂತಿತ್ತು ಎಂದೆ. ಗೇಟಿನಲ್ಲಿ ಕೈ ಮುಗಿದದ್ದನ್ನೂ ಹೇಳಿದೆ. ಅದು ಅವರಿಗೆ ಗೊತ್ತೇ ಇರಲಿಲ್ಲ.

ಭಾವ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡರು. ನಾನು ನಿಲ್ಲಿಸಿದ ಮೇಲೂ ಆ ಕೈ ಅಲ್ಲೇ ಇತ್ತು. ಎದ್ದು ಒಳಗೆ ಹೋಗಿ ನೀರು ತಂದು ಕೊಟ್ಟರು. ನಾನು ಕುಡಿದು ಲೋಟ ಕೆಳಗಿಟ್ಟಾಗ, ಗಿರಾಕಿಗಳು ಬಾರದ ಹಾಗೆ ಬೀದಿಯ ಕಡೆಯ ಬಾಗಿಲನ್ನು ಮುಂದೆ ಮಾಡಿ ಬಂದು ನನ್ನೆದುರು ನೆಲದ ಮೇಲೆ ಕೂತರು.

"ನಂಗೆ ಎಲ್ಲಾ ಗೊತ್ತಾಗ್ನಿಲ್ಲ," ಎಂದರು. "ಬಸ್ಗೆ ಇನ್ನೂ ಹೊತ್ತು ಅದಲ್ಲವ್ವ? ಇನ್ನೊಂದ್ಸಲ ಹೇಳು."

ನಾನು ಮೊದಲಿನಿಂದ ಹೇಳತೊಡಗಿದೆ.