ಕೆಂಚವ್ವನ ಜಗಲಿಯ ಬಸವಣ್ಣ

ಕುಲಗೋಡದ ಕೆಂಚವ್ವನ ಮನೆಯಲ್ಲಿ ಬೆಳಗ್ಗೆ ಯಾರಾದರೂ ಗುಟುಕು ನೀರು ಕುಡಿಯಬೇಕೆಂದರೆ, ದೇವರ ಜಗಲಿಯ ಬಸವಣ್ಣ ಮೊದಲು ಕುಡಿಯಬೇಕು. ಇದು ಮಾವ ರಾಚಪ್ಪನ ಕಟ್ಟಪ್ಪಣೆ. ಬರ್ಮಾದ ಯುದ್ಧ ಮುಗಿಸಿ ಬಂದವನ ಟ್ರಂಕಿನಲ್ಲಿ ಬೆನ್ನಿಗೂ ಬಾಯಿಗೂ ತೂತಿದ್ದ ಅಂಗೈಯಗಲದ ಕಂಚಿನ ಎತ್ತು ಮಲಗಿತ್ತಂತೆ. ಅವನ ತಾಯಿ ಕಂಡವಳೇ, ಮಗನನ್ನು ಕಾಯ್ದ ದೇವರು ಎಂದು ವಿಭೂತಿ ಬಳಿದು ಜಗಲಿಗೇರಿಸಿದಳು. ಅದು ಎಲ್ಲಿ ಸಿಕ್ಕಿತೆಂದು ರಾಚಪ್ಪ ಯಾರಿಗೂ ಹೇಳಲಿಲ್ಲ.

ವಿಚಿತ್ರ ಆಸಾಮಿ. ಸಾಯುವವರೆಗೂ ಆ ಬಸವಣ್ಣನಿಗೆ ಒಮ್ಮೆಯೂ ಕೈ ಮುಗಿಯಲಿಲ್ಲ. ಊಟಕ್ಕೂ ಬೆನ್ನು ತಿರುಗಿಸಿಯೇ ಕೂಡುತ್ತಿದ್ದ. ಆದರೆ ನೀರು ಹಾಕುವುದು ತುಸು ತಡವಾದರೆ ಸೊಸೆಯ ಮೇಲೆ ಹರಿಹಾಯುತ್ತಿದ್ದ. ಜ್ವರ ಬಂದರಂತೂ ಒಂದೇ ಬಡಬಡಿಕೆ: "ನೀರಿಲ್ಲೋ, ಖರೇನ ಇಲ್ಲೋ, ಕೈ ಬಿಡೋ!" ಕಾಲುವೆ ನೀರಿನ ಪಾಳಿಗೆ ಬಾಜೂ ಹೊಲದವರೊಡನೆ ಜಗಳಾಡುವ ಕನಸೆಂದು ಮನೆಯವರೆಲ್ಲ ನಗುತ್ತಿದ್ದರು. ಕೆಂಚವ್ವನೂ ನಕ್ಕಿದ್ದಳು. ಕೊನೆಯುಸಿರಿನಲ್ಲಿ ಅವಳು ಬಾಯಿಗೆ ನೀರು ಹಿಡಿದಾಗ ಮುಖ ತಿರುವಿ, ಜಗಲಿಯತ್ತ ಬೆರಳು ಮಾಡಿದ. ಅಲ್ಲಿ ನೀರು ಬಿದ್ದ ಸದ್ದು ಕೇಳಿದ ಮೇಲೇ ಬಾಯಿ ತೆರೆದದ್ದು.

ಅವನು ಹೋಗಿ ಎಷ್ಟೋ ವರ್ಷವಾಯಿತು. ಮನೆ ಬಿಟ್ಟು ಹೋಗಿಲ್ಲ ಎಂಬುದು ಕೆಂಚವ್ವನೊಬ್ಬಳಿಗೇ ಗೊತ್ತು. ನೀರು ಹಾಕಿ ಅಡುಗೆಮನೆಗೆ ಬಂದರೆ, ಹಿಂದೆ ಬಸವಣ್ಣನ ಬಾಯಿಂದ ತೊಟ್ಟು ತೊಟ್ಟು ಬೀಳುತ್ತದೆ. ಆ ಸದ್ದಿನ ನಡುವೆ ಮಾವನ ದನಿ: ನೀರಿಲ್ಲೋ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಾಳೆ. ಎಂಥ ಭಕ್ತಿಗೂ ಇಳಿಯದ ಈ ಸಂಕಟ ಯಾವುದೆಂದು ಅವಳು ಯಾರನ್ನು ಕೇಳಬೇಕು?

ನಿಡಸೋಸಿಯಲ್ಲಿ ಕಾಲೇಜು ಓದುವ ಮೊಮ್ಮಗಳು ವಿದ್ಯಾ ಬಸವಣ್ಣನ ಫೋಟೋ ತೆಗೆದು ಮೊಬೈಲಿಗೆ ಹಾಕಿದಳು. ಅದನ್ನು ನೋಡಿ ಹುಕ್ಕೇರಿಯ ಸೋಮಶೇಖರ ಓಡೋಡಿ ಬಂದ. ಹಳೇ ಮಸಿದೌತಿ, ಲೇಖನಿ ಕೂಡಿಡುವ ಹುಚ್ಚಿನವನು. ಎತ್ತನ್ನು ಎತ್ತಿಕೊಂಡು ಬೆನ್ನ ಮೇಲಿನ ತೂತಿಗೆ ಬೆರಳೊತ್ತಿದ, ತೊಟ್ಟು ನಿಂತಿತು. ಬೆರಳು ತೆಗೆದ, ಬಾಯಿಂದ ಹನಿ ಬಿತ್ತು.

"ಅವ್ವಾ, ಇದು ಬಸವಣ್ಣ ಅಲ್ರಿ. ಜಪಾನದವ್ರು ಬರಿಯೂ ಮುಂದ ಮಸಿ ಕಡ್ಡಿ ತೇಯಾಕ ಹನಿಹನಿ ನೀರು ಹಾಕ್ಕೊಳ್ಳೋ ಪಾತ್ರಿ ಇದು. ನಿಮ್ಮ ಮಾವಗ ಎಲ್ಲಿ ಸಿಕ್ಕಿತ್ರಿ?"

"ಬರ್ಮಾದ ಯುದ್ಧದಾಗರಿ."

"ಹಂಗಾದ್ರ ಯಾವುದೋ ಜಪಾನಿ ಸಿಪಾಯಿದು ಇರಬೇಕ್ರಿ. ನಮ್ಮ ಸಿಪಾಯಿಗಳು ಸಾಯಾಕತ್ತವ್ರ ಕಿಸೇದಾಗಿನ್ದು ತಕ್ಕೊಂಡು ಬರತಿದ್ರು."

ಕೆಂಚವ್ವ ಎತ್ತನ್ನು ಅವನ ಕೈಯಿಂದ ಇಸಿದುಕೊಂಡಳು. ಮಾವನ ಬಡಬಡಿಕೆ ಕಾಲುವೆಯ ಪಾಳಿಯದಲ್ಲ! ಸಾಯುತ್ತಿದ್ದವನೊಬ್ಬ ಮಾವನ ಕೈ ಹಿಡಿದು ನೀರು ಬೇಡಿದ್ದ. ಮಾವನ ನೀರಿನ ಬಾಟಲಿ ಖರೇನೇ ಖಾಲಿಯಿತ್ತೋ, ಇದ್ದೂ ಇಲ್ಲವೆಂದನೋ, ಅದು ಮಾವನೊಡನೆ ಮಣ್ಣಿಗೆ ಹೋಯಿತು. ಅದಕ್ಕೆ ತಾನೂ ನಕ್ಕಿದ್ದಳು.

"ನನಗ ಕೊಡ್ರಿ ಅವ್ವಾ, ಗಾಜಿನ ಕಪಾಟಿನ್ಯಾಗ ಜ್ವಾಪಾನ ಇಡ್ತೇನಿ," ಎಂದ ಸೋಮಶೇಖರ.

"ಅಲ್ಲಿ ನೀರ ಹಾಕವ್ರು ಯಾರ್ರಿ?" ಎಂದಳು ಕೆಂಚವ್ವ. ಅವನು ಚಹಾ ಕುಡಿದು ಎದ್ದು ಹೋದ.

ಮರುದಿನ ಬೆಳಗ್ಗೆ ಅವಳು ಎತ್ತಿನ ಮೈಮೇಲಿನ ವಿಭೂತಿಯನ್ನೆಲ್ಲ ಸೆರಗಿನಿಂದ ಒರೆಸಿದಳು. ಜಗಲಿಯಿಂದ ಇಳಿಸಿ, ಹಿರಿಯರಿಗೆ ಎಡೆ ಇಡುವ ಮಣೆಯ ಮೇಲೆ, ರಾಚಪ್ಪನ ಫೋಟೋದ ಎದುರಿಗೇ ಇಟ್ಟಳು. ಬದುಕೆಲ್ಲ ಬೆನ್ನು ತಿರುಗಿಸಿದವನು ಇನ್ನಾದರೂ ಮುಖ ನೋಡಲಿ.

ದಿನದ ಮೊದಲ ತಂಬಿಗೆಯಿಂದ ಬೆನ್ನ ತೂತಿಗೆ ನೀರು ಸುರಿದಳು.

"ಕುಡಿಯಪಾ ತಮ್ಮಾ, ಹೊಟ್ಟಿ ತುಂಬ ಕುಡಿ. ಕುಡದು, ನಮ್ಮ ಮಾವಗ ಸಾಕನ್ನು."

ಹನಿ ಬೀಳತೊಡಗಿತು. ತೊಟ್ಟು ಪೂರ್ತಿ ನಿಲ್ಲುವ ತನಕ ಕೆಂಚವ್ವ ನೀರು ಮುಟ್ಟಲಿಲ್ಲ.