ಮೂರನೆಯ ಅಭ್ಯರ್ಥಿ ಕಸ್ತೂರಿಬಾಯಿ

ಮದುವೆಯಾಗಿ ವಿಜಯಪುರದಿಂದ ಮುಂಬಯಿಗೆ ಬಂದ ಕಸ್ತೂರಿಬಾಯಿ, ಜೋಗೇಶ್ವರಿಯ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷ ರಾಜ್ಯಶಾಸ್ತ್ರ ಕಲಿಸಿದರು. ಗಂಡ ತೀರಿಕೊಂಡ ಮೇಲೂ ನಾಲಾ ಪಕ್ಕದ ಚಾಳಿನ ಕೋಣೆ ಬಿಡಲಿಲ್ಲ. ಅವರು ಮೈಮರೆತು ಮಾಡುತ್ತಿದ್ದ ಪಾಠ ಒಂದೇ, ಅಮೆರಿಕದ ಮೂರನೆಯ ಪಕ್ಷಗಳದು. ಆ ಪಕ್ಷಗಳು ಗೆಲ್ಲುವುದಿಲ್ಲ, ಆದರೆ ಅವು ಕೇಳಿದ್ದನ್ನು ದೊಡ್ಡ ಪಕ್ಷಗಳು ಕೊನೆಗೆ ತಮ್ಮದೆನ್ನಬೇಕಾಗುತ್ತದೆ. ಸೆನೆಟರುಗಳನ್ನು ಜನರೇ ಆರಿಸಬೇಕು ಎಂದು ಮೊದಲು ಹಟ ಹಿಡಿದವರಲ್ಲಿ ಸೋತ ರೈತರ ಪಕ್ಷವೂ ಇತ್ತು ಎನ್ನುವಾಗ ಅವರ ದನಿ ಏರುತ್ತಿತ್ತು.

ನಿವೃತ್ತಿಯಾದ ಮೇಲೆ ವಾರ್ಡಿನ ಚುನಾವಣೆ ಬಂತು. ಹಳೆಯ ಕಾರ್ಪೊರೇಟರ್ ಚಾಳು ಕೆಡವಿಸಲು ಹೊರಟಿದ್ದ. ಎದುರಾಳಿ ಕೆಡವಲು ಬಿಡುವುದಿಲ್ಲ ಎನ್ನುತ್ತಿದ್ದ, ಆದರೆ ನಲ್ಲಿ ನೀರಿನ ಮಾತೆತ್ತಿದರೆ ಇಬ್ಬರೂ ನಕ್ಕು ಮುಂದೆ ಹೋಗುತ್ತಿದ್ದರು. ಕಸ್ತೂರಿಬಾಯಿ ಮನೆಮನೆಗೆ ನಲ್ಲಿ ಬೇಕೆಂದು ಪಕ್ಷೇತರರಾಗಿ ನಿಂತರು.

ನಾಮಪತ್ರ ಹಿಂತೆಗೆಯುವ ಕೊನೆಯ ದಿನ ಅನಿಲ ಬಂದ. ಅವರ ಹಳೆಯ ವಿದ್ಯಾರ್ಥಿ, ಉಡುಪಿ ಕಡೆಯವನು, ಈಗ ಎದುರಾಳಿಯ ಪ್ರಚಾರದಲ್ಲಿದ್ದ.

"ಟೀಚರ್, ವಾಪಸ್ ತಗೊಳ್ಳಿ. ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಫ್ಲೋರಿಡಾದ ಕತೆ ನೀವೇ ಕಲಿಸಿದ್ದಲ್ವಾ? ಗೆದ್ದವನಿಗೂ ಸೋತವನಿಗೂ ಐನೂರ ಮೂವತ್ತೇಳು ಓಟಿನ ಅಂತರ, ಮೂರನೆಯವರು ಒಡೆದದ್ದು ತೊಂಬತ್ತೇಳು ಸಾವಿರ. ನಮ್ಮವ ಒಳ್ಳೆಯವ ಅಂತ ನಾನು ಹೇಳುದಿಲ್ಲ. ಆದ್ರೆ ಅವ ಗೆದ್ರೆ ಚಾಳ್ ಉಳೀತದೆ."

"ಓಟು ಯಾರಪ್ಪನ ಆಸ್ತೀನೂ ಅಲ್ಲೋ ಅನಿಲ," ಎಂದರು ಅವರು. "ಎಷ್ಟು ವರ್ಷ ಅಂಜಿಕೊಂಡು ಹಾಕೂದು?"

ಅವರು ಕೊಟ್ಟ ಚಹಾ ಕುಡಿಯದೆ ಅವನು ಎದ್ದುಹೋದ.

ಕಸ್ತೂರಿಬಾಯಿಗೆ ಆರುನೂರ ನಲವತ್ತು ಮತ ಬಿದ್ದವು. ಹಳೆಯ ಕಾರ್ಪೊರೇಟರ್ ನೂರ ಎಂಬತ್ತೊಂದು ಮತಗಳಿಂದ ಗೆದ್ದ. ಮರುದಿನ ಚಾಳಿನ ಹೆಂಗಸರು ಅವರನ್ನು ಕಂಡು ಬಾಗಿಲು ಮುಂದೆ ಮಾಡಿಕೊಂಡರು. ಮೆಟ್ಟಿಲ ಹತ್ತಿರ ಯಾರೋ "ವೋಟ್ ಕಟ್ವಾ", ಓಟು ಒಡೆಯುವವಳು, ಎಂದರು. ಸೋತವನ ಪಕ್ಷ ಮುಂದಿನ ತಿಂಗಳೇ ಮನೆಮನೆಗೆ ನಲ್ಲಿ ಎಂಬ ಅವರ ಬೇಡಿಕೆಯನ್ನು ತನ್ನ ಕರಪತ್ರದಲ್ಲಿ ಅಚ್ಚು ಹಾಕಿಸಿತು. ಕರಪತ್ರ ಬಂದ ವಾರವೇ ಚಾಳು ಕೆಡವಲು ಜೆಸಿಬಿಯೂ ಬಂತು.

ಎದುರು ಕೋಣೆಯ ನಾಗವ್ವ, ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದವಳು, ಟೆಂಪೋಗೆ ರೊಟ್ಟಿ ಹಂಚು, ಹಾಸಿಗೆ ಏರಿಸುತ್ತಿದ್ದಳು. ಅವಳಿಗೆ ಬದಲಿಗೆ ಸಿಕ್ಕಿದ್ದು ಊರಾಚೆಯ ಏಳನೇ ಮಹಡಿಯ ಕೋಣೆ. ರೊಟ್ಟಿ ಕೊಳ್ಳುವ ಗಿರಾಕಿಗಳೆಲ್ಲ ಇಲ್ಲಿ. ಕಸ್ತೂರಿಬಾಯಿ ಹತ್ತಿರ ಹೋಗಿ ನಿಂತರು.

"ನಾ ನಿಮಗಽ ಓಟ್ ಹಾಕೀನ್ರಿ ಅಕ್ಕಾರ," ಎಂದಳು ನಾಗವ್ವ. "ಹಿಂಗ ಆಗತೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

"ಆಗಬಹುದು ಅಂತ ಗೊತ್ತಿತ್ತವ್ವಾ."

"ನನಗ ಒಂದ್ ಮಾತು ಹೇಳಬೇಕಾಗಿತ್ತರಿ."

ಕಸ್ತೂರಿಬಾಯಿ ಹಾಸಿಗೆಯ ಒಂದು ತುದಿ ಹಿಡಿದು ಟೆಂಪೋಗೆ ಎತ್ತಿಕೊಟ್ಟರು. ಓಟು ಒಡೆದರೆ ಏನಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಬಿಡಿಸಿ ಬಿಡಿಸಿ ಹೇಳಿದ್ದನ್ನು, ತಮ್ಮ ಕರಪತ್ರ ಹಿಡಿದು ಇದೇ ಬಾಗಿಲಿಗೆ ಬಂದಾಗ ಅವರು ಹೇಳಿರಲಿಲ್ಲ. ಹೇಳಿದ್ದರೆ ನಾಗವ್ವ ಅವರಿಗೆ ಓಟು ಹಾಕುತ್ತಿರಲಿಲ್ಲ.

ಕಸ್ತೂರಿಬಾಯಿ ಈಗ ಬೊರಿವಲಿಯಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಎರಡು ಸಲ ನಾಗವ್ವನನ್ನು ನೋಡಲು ಹೊರಟು, ಸ್ಟೇಷನ್ನಿನಲ್ಲಿ ಲೋಕಲ್ ರೈಲುಗಳನ್ನು ಒಂದೊಂದಾಗಿ ಹತ್ತದೆ ಬಿಟ್ಟು, ಮನೆಗೆ ಮರಳಿದ್ದಾರೆ.