ಉಮ್ಮನ ಕಿವಿಯಲ್ಲಿ ಎಂಟು ದಿನ

ತೂತು ಅಂಚಿಗೆ ಬಂದು ಮರ ಸೀಳಬಹುದಿತ್ತು. ಸರಿಯಾಗಿ ಉಜ್ಜದ ಮೂಲೆ ಕುತ್ತಿಗೆ ಗೀರಬಹುದಿತ್ತು. ಪಾಲಿಶು ಆಗಿಬರದೆ ಕಿವಿ ಬಾತು, ಕೀವಾಗಿ, ನಾನು ಆಸ್ಪತ್ರೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರಬೇಕಾಗಬಹುದಿತ್ತು. ಹಲಸಿನ ತುಂಡಿನೊಳಗೆ ಹುಳ ಇರಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದು, ಅವರು ನಗಬಹುದಿತ್ತು. ನಾನು ಮಾಡಿದ ಮರದ ಓಲೆಗಳನ್ನು ಆಚೆಮನೆಯ ಉಮ್ಮನಿಗೆ ಬೇಲಿಯ ಮೇಲಿಂದ ದಾಟಿಸುವಷ್ಟರಲ್ಲಿ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ.

ಉಮ್ಮ ಎಂದರೆ ಅಮ್ಮ; ಅವರ ಮಕ್ಕಳಿಗೆ ಮಾತ್ರವಲ್ಲ, ಆಲಂಕಾರು ಊರಿನ ನಮ್ಮ ದಾರಿಯ ಅಷ್ಟೂ ಮನೆಗಳಿಗೆ ಉಮ್ಮ. ಹಳೆಯ ಕಾಲದ ಬ್ಯಾರಿ ಹೆಂಗಸರ ಹಾಗೆ ಅವರ ಕಿವಿಯ ಅಂಚಿನುದ್ದಕ್ಕೂ ಸಾಲಾಗಿ ತೂತುಗಳಿದ್ದವು. ಅಲ್ಲಿದ್ದ ಚಿನ್ನವೆಲ್ಲ ಹೆಣ್ಣುಮಕ್ಕಳ ಮದುವೆಗಳಲ್ಲಿ ಹಂಚಿಹೋಗಿ, ಈಗ ಮರ ತೂಗುತ್ತಿತ್ತು.

ಓಲೆ ಮಾಡಲು ಉಮ್ಮನಿಗೆ ಬೇಕಿದ್ದುದು ಬಡಗಿಯ ಕೊಟ್ಟಿಗೆಯಿಂದ ಆರಿಸಿ ತಂದ ಹಲಸು, ಬೀಟೆಯ ಚೂರುಗಳು. ಮುರಿದ ಗರಗಸದ ಅಲಗು, ಅದಕ್ಕೆ ಸುತ್ತಿದ ಹಳೆಬಟ್ಟೆಯೇ ಹಿಡಿ. ಕೊಡೆಯ ಕಡ್ಡಿಯನ್ನು ಒಲೆಯಲ್ಲಿ ಕಾಯಿಸಿ ಚುಚ್ಚಿದರೆ ತೂತು. ಉಜ್ಜಲು ಗುಡ್ಡದಿಂದ ಕಿತ್ತು ತಂದ, ಮರಳುಕಾಗದದಷ್ಟು ಒರಟಾದ ಗರಗತ್ತಿ ಎಲೆ. ಹೀಗೆ ಮಾಡಿದ ಪ್ರತಿ ಜೋಡಿಯನ್ನೂ ಯಾರಿಗಾದರೂ ಕೊಡುವ ಮೊದಲು ಎಂಟು ದಿನ ತಾವೇ ಹಾಕಿಕೊಳ್ಳುತ್ತಿದ್ದರು. ಅಡುಗೆ, ನಮಾಜು, ನಿದ್ದೆ ಎಲ್ಲವೂ ಅದರಲ್ಲೇ. ತಲೆಯ ತೆಂಗಿನೆಣ್ಣೆ ಕುಡಿದು ಮರ ಹೊಳಪೇರುತ್ತಿತ್ತು. ಕಿವಿತುಂಬ ತೂತಿದ್ದುದರಿಂದ ಒಂದೇ ವಾರ ಮೂರು ನಾಲ್ಕು ಜೋಡಿಗಳ ಪರೀಕ್ಷೆ ನಡೆಯುತ್ತಿತ್ತು.

"ಕಿವಿಗೆ ಅದು ಮರ್ತೇ ಹೋಗ್ಬೇಕು ಮಾರಾಯ್ತಿ," ಎನ್ನುತ್ತಿದ್ದರು. "ಒಮ್ಮೆ ಕೈ ಹೋಯ್ತಾ, ಮತ್ತೆ ಅದು ಬಚ್ಚಲ ಒಲೆಗೆ."

ಹಾಗೆ ಒಲೆಗೆ ಬಿದ್ದವು ಕೂಡ ನನ್ನವಕ್ಕಿಂತ ಚಂದ ಇರುತ್ತಿದ್ದವು. ನನಗೆ ಹೊಟ್ಟೆಕಿಚ್ಚು. ಐವತ್ತರ ಹತ್ತಿರ ಬಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನಗೆ ಈ ಕೆಲಸ ಕಲಿಸಿದವರೂ ಅವರೇ ಎನ್ನಲು ಇನ್ನೂ ನಾಚಿಕೆ. ಆನ್‌ಲೈನಿನಲ್ಲಿ ತರಿಸಿದ ಪುಟ್ಟ ಡ್ರಿಲ್ಲು, ಆರು ಬಗೆಯ ಅರ, ಭೂತಗನ್ನಡಿ ಎಲ್ಲ ನನ್ನಲ್ಲಿದ್ದವು. ಉಮ್ಮ ಕೊಡೆಕಡ್ಡಿಯಲ್ಲಿ ಮಾಡುವುದನ್ನು ನಾನು ಕರೆಂಟು ಹಾಕಿ ಹಾಳು ಮಾಡುತ್ತೇನೆಂದು ಗಂಡ ಹಾಸ್ಯ ಮಾಡುತ್ತಿದ್ದರು. ಮಗಳು ಪುತ್ತೂರಿನ ಕಾಲೇಜಿಗೆ ಹಾಕಿಕೊಂಡು ಹೋಗುತ್ತಿದ್ದುದು ಉಮ್ಮನ ಓಲೆಗಳನ್ನೇ. ನನ್ನವು ಭಾರವಂತೆ.

ಕೊನೆಗೆ ಹಟ ಹಿಡಿದು ಒಂದು ತಿಂಗಳು ಕೂತು ಒಂದು ಜೋಡಿ ಮಾಡಿದೆ. ಉಮ್ಮನ ಕಿವಿಯಲ್ಲಿ ಅದು ಪಾಸಾಗಬೇಕು, ನನಗೆ ಬೇಕಾಗಿದ್ದುದು ಅಷ್ಟೇ. ಫೇಲಾದರೆ ಊರು ನಗಬಾರದಲ್ಲ?

"ನಂದು ಅಂತ ಯಾರಿಗೂ ಹೇಳ್ಬೇಡಿ ಉಮ್ಮ. ಮನೆಯಲ್ಲಿಯೂ ಬೇಡ."

"ನಾನು ಯಾರಿಗೆ ಹೇಳುದು? ಹಾಕಿ ನೋಡುವ," ಎಂದು ಅಲ್ಲೇ ಸಿಕ್ಕಿಸಿಕೊಂಡರು. ನಗಲಿಲ್ಲ.

ಆಮೇಲೆ ಕರಿಬೇವು ಬೇಕೆಂದು ಒಂದು ದಿನ, ಪಾತ್ರೆ ಹಿಂದಿರುಗಿಸಲೆಂದು ಇನ್ನೊಂದು ದಿನ ಹೋದೆ. ಅವರು ಕೋಳಿಗಳ ಸುದ್ದಿ ಹೇಳುತ್ತಿದ್ದರೆ ನಾನು ಅವರ ಕೈಯನ್ನೇ ಕಾಯುತ್ತಿದ್ದೆ. ಒಮ್ಮೆ ಬಲಗೈ ಮೇಲೆದ್ದಿತು. ಅವರು ತಲೆವಸ್ತ್ರ ಸರಿಮಾಡಿಕೊಂಡು ಕೈ ಇಳಿಸಿದರು.

ಐದನೆಯ ದಿನ ಬೆಳಿಗ್ಗೆ ಸುಬಹಿ ನಮಾಜಿಗೆ ಉಮ್ಮ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ನನ್ನ ಅಷ್ಟೆಲ್ಲ ಚಿಂತೆಗಳಲ್ಲಿ ಅದು ಇರಲೇ ಇಲ್ಲ.

ವಾರ ಕಳೆದು ನಾನು ಅವರ ಮನೆಗೆ ಹೋದಾಗ ಅವರ ಕಿರಿಮಗಳು, ಆ ಮನೆಯಲ್ಲೇ ಇರುವವಳು, ಡಬ್ಬಿಯೊಂದನ್ನು ತಂದು ತೆರೆದಳು. ಸ್ನಾನ ಮಾಡಿಸುವ ಮೊದಲು ಕಿವಿಯಿಂದ ತೆಗೆದಿಟ್ಟ ನನ್ನ ಜೋಡಿ. ಎಣ್ಣೆ ಹಿಡಿದು ಜೇನಿನ ಬಣ್ಣಕ್ಕೆ ತಿರುಗಿತ್ತು.

"ಉಮ್ಮನ ಕಡೇ ಜೋಡಿ ಅಕ್ಕ. ಅಷ್ಟು ದಿನದಲ್ಲಿ ಒಮ್ಮೆಯೂ ಕೈ ಹೋಗ್ಲಿಲ್ಲ, ನಾನೇ ನೋಡಿದ್ದೇನೆ. ಇಷ್ಟು ಚಂದದ್ದು ಅವ್ರು ಮೊದ್ಲು ಮಾಡಿದ್ದೇ ಇಲ್ಲ. ಇದನ್ನು ಯಾರಿಗೂ ಕೊಡುದಿಲ್ಲ ನಾನು."

ನಿಜ ನಾಲಗೆಯ ತುದಿಯವರೆಗೆ ಬಂದಿತ್ತು. ಅತ್ತು ಬಾತ ಅವಳ ಕಣ್ಣು ನೋಡಿ ನುಂಗಿಕೊಂಡೆ. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡುವ ಹೆಂಗಸು ಈ ಊರಲ್ಲಿ ನಾನೊಬ್ಬಳೇ ಇರಬೇಕು.

"ಉಮ್ಮನ ಕೈ ಅಲ್ವಾ," ಎಂದೆ.

ಸೀಳಿರಲಿಲ್ಲ, ಗೀರಿರಲಿಲ್ಲ, ಕಿವಿ ಕೆಂಪಾಗಿರಲಿಲ್ಲ. ಉಮ್ಮ ಯಾರಿಗೂ ಹೇಳಿರಲಿಲ್ಲ, ಅಷ್ಟೆ.